ಹಳೆ ಮನೆಯ ಅಟ್ಟ: ಮೊದಲು ಬಿರುಕು ಮುಚ್ಚಿ, ಆಮೇಲೆ ಹೊದಿಕೆ ಹಾಸಿ

ಬೇಸಿಗೆಯಲ್ಲಿ ಮೇಲಿನ ಕೋಣೆ ಕಾದ ಕಾವಲಿ. ಚಳಿಗಾಲದಲ್ಲಿ ಎಷ್ಟು ಹೀಟರ್ ಹಾಕಿದರೂ ಬೆಚ್ಚಗಾಗುವುದಿಲ್ಲ. ಹಳೆ ಮನೆಯವರು ಇದಕ್ಕೆ ಬೇಸತ್ತು ಸೀದಾ ಇನ್ಸುಲೇಶನ್ ರೋಲ್, ಅಂದರೆ ಬಿಸಿ-ಚಳಿ ತಡೆಯುವ ಹೊದಿಕೆಯ ಸುರುಳಿ, ತರಲು ಓಡುತ್ತಾರೆ. ಸ್ವಲ್ಪ ತಡೀರಿ. ಮೊದಲು ಟಾರ್ಚ್ ಹಿಡಿದು ಅಟ್ಟ ಹತ್ತಿ.

ಬೆಳಗಿನ ತಂಪು ಹೊತ್ತಲ್ಲಿ ಹತ್ತಿ. ಮಾಸ್ಕ್, ಕೈಗವಸು ಇರಲಿ. ಮರದ ತೊಲೆಗಳ ಮೇಲೆ ಮಾತ್ರ ಕಾಲಿಡಿ. ನಡುವಿನ ಸೀಲಿಂಗ್ ಹಲಗೆ ನಿಮ್ಮ ಭಾರ ತಡೆಯುವುದಿಲ್ಲ. ಬೂದು-ಕಂದು ಬಣ್ಣದ, ಮಿರುಗುವ ಹರಳಿನಂಥ ವರ್ಮಿಕ್ಯುಲೈಟ್ (ಹಿಂದೆ ಹೊದಿಕೆಯಾಗಿ ಸುರಿಯುತ್ತಿದ್ದ ಖನಿಜ) ಹರಡಿದ್ದರೆ ಕೆದಕಲೇಬೇಡಿ. ಅದರಲ್ಲಿ ಶ್ವಾಸಕೋಶಕ್ಕೆ ಅಪಾಯ ತರುವ ಆಸ್ಬೆಸ್ಟಾಸ್ ನಾರು ಇರಬಹುದು, ಪರೀಕ್ಷೆ ಮಾಡಿಸಿ.

ತಲೆಯೆತ್ತಿ ನೋಡಿ. ಮಾಡಿನ ಹಲಗೆಯಿಂದ ಇಣುಕುವ ಮೊಳೆಗಳ ತುದಿ ತುಕ್ಕು ಹಿಡಿದಿದೆಯಾ? ಹಾಗಿದ್ದರೆ ಅಲ್ಲಿ ತೇವ ಕಟ್ಟುತ್ತಿದೆ. ಹಳೆ ಗ್ಲಾಸ್‌ವೂಲ್ (ಗಾಜಿನೆಳೆಯ ಉಣ್ಣೆಯಂಥ ಹೊದಿಕೆ) ಇದ್ದರೆ ನಿಧಾನಕ್ಕೆ ಎತ್ತಿ. ಅಡಿಯಲ್ಲಿ ಕಪ್ಪು ಕಲೆ ಕಂಡರೆ ಬೂಷ್ಟು ಅಂತ ಗಾಬರಿಯಾಗುತ್ತದೆ. ಎಷ್ಟೋ ಸಲ ಅದು ಬರೀ ಧೂಳು. ಕೆಳಗಿನ ಗಾಳಿ ಮೇಲಕ್ಕೆ ನುಗ್ಗುವಾಗ ಆ ಉಣ್ಣೆ ಸೋಸಿ ಹಿಡಿದದ್ದು. ಬಿರುಕು ಹುಡುಕಲು ಅದಕ್ಕಿಂತ ಒಳ್ಳೆ ಗುರುತು ಬೇಕಿಲ್ಲ!

ವೈರು, ಪೈಪು ತೂರಿದ ಕಡೆ, ಗೋಡೆಯ ತಲೆಭಾಗ, ಎಲ್ಲ ಕಡೆ ಸಂದು ಮುಚ್ಚಿ. ಸಣ್ಣದಕ್ಕೆ ಸೀಲಂಟ್ (ಸಂದು ತುಂಬುವ ಅಂಟು), ದೊಡ್ಡದಕ್ಕೆ ಉಬ್ಬಿ ತುಂಬಿಕೊಳ್ಳುವ ಫೋಮ್. ಚಿಮಣಿಯ ಸುತ್ತ ಮಾತ್ರ ಫೋಮ್ ಬೇಡ. ತಗಡು ಮತ್ತು ಬೆಂಕಿ ತಾಳುವ ಸೀಲಂಟ್ ಬೇಕು. ಅಟ್ಟದ ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ.

ಇನ್ನು ಗಾಳಿಯ ದಾರಿ. ಅದು ಸೂರಿನ ಅಡಿಯಿಂದ ಒಳಬಂದು ಮಾಡಿನ ನೆತ್ತಿಯಿಂದ ಹೊರಹೋಗಬೇಕು. ಅಟ್ಟದ ನೆಲ 150 ಚದರ ಅಡಿ ಇದ್ದರೆ 1 ಚದರ ಅಡಿ ತೆರಪು ಎನ್ನುವುದು ಸಾಮಾನ್ಯ ಲೆಕ್ಕ. ಜಾಲರಿ ಹಾಕಿದರೆ ಗಾಳಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸುವ ಆಸೆ ನನಗಂತೂ ಇಲ್ಲ. ಬಿರುಕು ಉಳಿದಿದ್ದರೆ ಅದು ಮನೆಯೊಳಗಿನ ತಂಪು ಗಾಳಿಯನ್ನೇ ಎಳೆದು ಆಚೆ ಹಾಕುತ್ತದೆ. ಬಚ್ಚಲಿನ ಫ್ಯಾನ್ ಅಟ್ಟಕ್ಕೆ ಹಬೆ ಉಗುಳುತ್ತಿದ್ದರೆ ಅದರ ಕೊಳವೆಯನ್ನು ಮನೆಯಾಚೆಗೆ ಒಯ್ಯಿರಿ.

ಕೊನೆಗೆ ಹೊದಿಕೆ. ಹಳೆ ವೈರಿಂಗ್ ಇದ್ದರೆ ಮುಚ್ಚುವ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಸೀಲಿಂಗಿನಲ್ಲಿ ಹುದುಗಿದ ಹಳೆ ದೀಪಗಳ ಮೇಲೆ ಸುಮ್ನೆ ಹಾಸಬೇಡಿ, ಬಿಸಿಯಾಗಿ ಬೆಂಕಿ ಹತ್ತಬಹುದು. ಸೂರಿನ ಹತ್ತಿರ ಹೊದಿಕೆಗೂ ಮಾಡಿನ ಹಲಗೆಗೂ ನಡುವೆ ಕನಿಷ್ಠ 1 ಇಂಚು ಸಂದು ಬಿಡಿ. ಅಲ್ಲೊಂದು ತೆಳು ಅಡ್ಡಹಲಗೆ ಕೂರಿಸಿದರೆ ಗಾಳಿದಾರಿ ಮುಚ್ಚಿಹೋಗುವುದಿಲ್ಲ. ಮೊದಲ ಪದರ ತೊಲೆಗಳ ನಡುವೆ, ಎರಡನೆಯದು ಅವುಗಳ ಮೇಲೆ ಅಡ್ಡಲಾಗಿ. ಅದುಮಿ ತುರುಕಬೇಡಿ. ಬಿಸಿ ತಡೆಯುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ, ಅದುಮಿದರೆ ಅದೇ ಹೋಗುತ್ತದೆ. ಬಾಗಿಲಿನ ಬೆನ್ನಿಗೂ ಒಂದು ತುಂಡು ಅಂಟಿಸಿ, ಜಾಸ್ತಿ ಜನ ಇದನ್ನೇ ಮರೆಯುತ್ತಾರೆ.

ಒಂದು ಚಳಿಯ ರಾತ್ರಿ ಕಳೆದ ಮೇಲೆ ಬೆಳಿಗ್ಗೆ ಮತ್ತೆ ಹತ್ತಿ. ಅದೇ ಮೊಳೆಗಳ ತುದಿ ಮುಟ್ಟಿ ನೋಡಿ. ಬೆರಳು ಒದ್ದೆಯಾದರೆ ಎಲ್ಲೋ ಒಂದು ಬಿರುಕು ಇನ್ನೂ ಉಳಿದಿರಬಹುದು.