ಶಿಕ್ಷಣದ ಭ್ರಷ್ಟಾಚಾರವನ್ನು ದೇಶದಿಂದ ದೇಶಕ್ಕೆ ಹೋಲಿಸುವುದು ಹೇಗೆ?

ಲೆಕ್ಕ ತಪಾಸಣೆಯಿಂದಲೇ ಹೊಟ್ಟೆ ಹೊರೆದವನು ನಾನು. ಅಂಕಿಗಿಂತ ಮೊದಲು ಅದರ ಮೂಲ ನೋಡುವುದು ರೂಢಿ. ಈ ವಿಷಯದಲ್ಲಿ ಎಲ್ಲರೂ ಮೊದಲು ಕೈಹಾಕುವುದು ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಎಂಬ ಭ್ರಷ್ಟಾಚಾರ ವಿರೋಧಿ ಸಂಸ್ಥೆಯ ಸೂಚ್ಯಂಕಕ್ಕೆ. ಅದನ್ನು ಪಕ್ಕಕ್ಕಿಡಿ. ಇಡೀ ಸರ್ಕಾರಿ ವಲಯದ ಬಗ್ಗೆ ತಜ್ಞರು, ಉದ್ಯಮಿಗಳು ಏನೆಂದುಕೊಂಡಿದ್ದಾರೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಶಾಲೆಯ ಬಾಗಿಲನ್ನು ತಟ್ಟುವುದೇ ಇಲ್ಲ.

ಹಣದ ಬೆನ್ನು ಹತ್ತಿ. ಹಾಳೆಯ ಒಂದು ಕಡೆ ಖಜಾನೆಯಿಂದ ಬಿಡುಗಡೆಯಾದ ಮೊತ್ತ, ಇನ್ನೊಂದು ಕಡೆ ಶಾಲೆಯ ನಗದು ಪುಸ್ತಕದಲ್ಲಿ ಜಮೆಯಾದ ಮೊತ್ತ ಬರೆದುಕೊಳ್ಳಿ. ಉಗಾಂಡದ ಪ್ರಾಥಮಿಕ ಶಾಲೆಗಳಲ್ಲಿ ಹೀಗೆ ತಾಳೆ ನೋಡಿದಾಗ, 1991ರಿಂದ 1995ರವರೆಗೆ ವೇತನೇತರ ಅನುದಾನದಲ್ಲಿ ಶಾಲೆ ಮುಟ್ಟಿದ್ದು ಸರಾಸರಿ ಶೇ 13 ಮಾತ್ರ. ಉಳಿದದ್ದೆಲ್ಲ ಜೇಬಿಗಿಳಿಯಿತು ಎಂದು ಆತುರದಲ್ಲಿ ಬರೆಯಬೇಡಿ. ಜಿಲ್ಲಾ ಮಟ್ಟದಲ್ಲಿ ಅದನ್ನು ಬೇರೆ ಬಾಬುಗಳಿಗೂ ತಿರುಗಿಸಿದ್ದರು. ಸ್ಥಿತಿವಂತರ ಮಕ್ಕಳಿದ್ದ ಶಾಲೆಗಳಿಗೆ ಹೆಚ್ಚು ಸಿಕ್ಕಿತ್ತು, ಏಕೆಂದರೆ ಅಲ್ಲಿ ಕೇಳುವವರಿದ್ದರು. ಮುಂದೆ ಸರ್ಕಾರ ಎಷ್ಟು ಕಳುಹಿಸಿದೆ ಎಂಬುದನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು. 2001ರ ಹೊತ್ತಿಗೆ ಆ ಪಾಲು ಶೇ 80ರ ಆಸುಪಾಸಿಗೆ ಏರಿತು. ಇಷ್ಟಕ್ಕೂ ಪತ್ರಿಕೆಯೇ ಕಾರಣ ಎಂದು ಬೀಗಬೇಡಿ. ಅದೇ ಅವಧಿಯಲ್ಲಿ ಇತರ ಸುಧಾರಣೆಗಳೂ ನಡೆದಿದ್ದವು.

ಮುಂದಿನದು ಹಾಜರಿ. ಪುಸ್ತಕದ ಸಹಿಯನ್ನು ನಂಬದೆ, ಮುನ್ಸೂಚನೆಯಿಲ್ಲದೆ ಶಾಲೆಗೆ ಹೋಗಿ ತಲೆ ಎಣಿಸಿದ ಸಮೀಕ್ಷೆಗಳನ್ನೇ ಹುಡುಕಿ. 2006ರಲ್ಲಿ ಪ್ರಕಟವಾದ ಆರು ದೇಶಗಳ ಅಂತಹ ಅಧ್ಯಯನದಲ್ಲಿ ಗೈರಾದ ಶಿಕ್ಷಕರು ಪೆರುವಿನಲ್ಲಿ ಶೇ 11, ಭಾರತದಲ್ಲಿ ಶೇ 25, ಉಗಾಂಡದಲ್ಲಿ ಶೇ 27. ರಜೆ ಪಡೆದವರೂ, ಬೇರೆ ಸರ್ಕಾರಿ ಕೆಲಸಕ್ಕೆ ಹೋದವರೂ ಇದರಲ್ಲಿ ಸೇರಿದ್ದಾರೆ. ಅವರನ್ನು ಕಳೆಯದೆ ಕಳ್ಳರ ಪಟ್ಟಿ ಬರೆಯಬಾರದು.

ಪರೀಕ್ಷೆಯ ಲೆಕ್ಕ ಬೇರೆಯೇ. ಜಾರ್ಜಿಯಾ 2005ರಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಏಕರೂಪದ ರಾಷ್ಟ್ರೀಯ ಪರೀಕ್ಷೆ ತಂದು, ಲಂಚ ಕೊಟ್ಟು ಸೀಟು ಪಡೆಯುವ ದಾರಿಗೆ ಬೇಲಿ ಹಾಕಿತು. ರೊಮೇನಿಯಾ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಅಳವಡಿಸಿದಾಗ ನಕಲು ತಗ್ಗಿತು, ಆದರೆ ಬಡ ಮಕ್ಕಳ ಮತ್ತು ಉಳಿದವರ ಅಂಕಗಳ ಅಂತರ ಹಿಗ್ಗಿತು. ನನ್ನನ್ನು ಹೆಚ್ಚು ಕಾಡುವ ಫಲಿತಾಂಶ ಇದೇ.

ಶ್ರೀಮಂತ ದೇಶಗಳ ಸಾಲನ್ನು ಖಾಲಿ ಬಿಡಬೇಡಿ. ಅಮೆರಿಕದಲ್ಲಿ 2019ರಲ್ಲಿ ಬಯಲಾದ ಪ್ರವೇಶ ಹಗರಣದಲ್ಲಿ ಸಿರಿವಂತ ಪೋಷಕರು ದಲ್ಲಾಳಿಯ ಮೂಲಕ ಕ್ರೀಡಾ ತರಬೇತುದಾರರಿಗೆ ಲಂಚ ಕೊಡಿಸಿದ್ದರು. ಅಲ್ಲಿ ಶಾಲೆಯ ಅನುದಾನ ಸೋರಲಿಲ್ಲ, ಸೀಟು ಸೋರಿತು. ಆದ್ದರಿಂದ ಎರಡನ್ನೂ ಒಂದೇ ಅಂಕಣದಲ್ಲಿ ಕೂಡಿಸಬೇಡಿ.