ಈ ವಾರ ಎಲ್ಲೆಲ್ಲಿ ಆಟ ಉಂಟು?

ಉಡುಪಿ ಕಡೆ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಆಮಂತ್ರಣ ಪತ್ರಿಕೆ, ಹ್ಯಾಂಡ್‌ಬಿಲ್, ರಸೀದಿ ಪುಸ್ತಕ, ಫ್ಲೆಕ್ಸ್ ಡಿಸೈನ್, ಇಷ್ಟೇ ಕೆಲಸ. ನವೆಂಬರಿನಿಂದ ಮೇ ತನಕ ಊಟಕ್ಕೂ ಪುರುಸೊತ್ತಿಲ್ಲ. ಆಮೇಲೆ ಮಳೆ ನೋಡಿಕೊಂಡು ಕೂರುವುದು. ಇದರ ಜೊತೆಗೆ ಒಂಬತ್ತು ವರ್ಷದಿಂದ ಇನ್ನೊಂದು ಕೆಲಸ ಅಂಟಿಕೊಂಡಿದೆ. ಬರುವ ಏಳು ದಿನ ನಮ್ಮ ಸುತ್ತಮುತ್ತ ಎಲ್ಲಿ ಯಕ್ಷಗಾನ, ಎಲ್ಲಿ ನಾಟಕ, ಎಲ್ಲಿ ಸಂಗೀತ, ಎಲ್ಲಿ ಭಜನಾ ಮಂಗಲ ಎಂದು ಪಟ್ಟಿ ಮಾಡಿ ಪ್ರತಿ ಶುಕ್ರವಾರ ರಾತ್ರಿ ವಾಟ್ಸಾಪಿನಲ್ಲಿ ಬಿಡುತ್ತೇನೆ. ಇದಕ್ಕೆ ದುಡ್ಡಿಲ್ಲ. ಹೆಂಡತಿ ಕೇಳುವುದೂ ಅದನ್ನೇ.

ಶುರುವಾದದ್ದು ಒಬ್ಬ ನಿವೃತ್ತ ಮಾಷ್ಟ್ರಿಂದ. ಪ್ರತಿ ಶನಿವಾರ ಬೆಳಿಗ್ಗೆ ಅಂಗಡಿಗೆ ಬಂದು, ಕೊಡೆಯನ್ನು ಬಾಗಿಲಿಗೆ ಸಿಕ್ಕಿಸಿ, ಒಂದೇ ಪ್ರಶ್ನೆ: "ಈ ವಾರ ಎಲ್ಲೆಲ್ಲಿ ಆಟ ಉಂಟು ಮಾರಾಯ?" ನಮ್ಮಲ್ಲಿ ಆಟ ಎಂದರೆ ಯಕ್ಷಗಾನ. ನನಗೆ ಗೊತ್ತಿರುತ್ತಿತ್ತು, ಯಾಕೆಂದರೆ ಹ್ಯಾಂಡ್‌ಬಿಲ್ ಊರಿಗೆ ಹೋಗುವ ಮೊದಲು ನನ್ನ ಕೈ ದಾಟಬೇಕಲ್ವಾ? ನಾನು ಬಿಡುವಿಲ್ಲದೆ ಇದ್ದರೆ ಅವರೇ ಕಸದ ಬುಟ್ಟಿಯಿಂದ ಹಳೇ ಪ್ರೂಫ್ ಹೆಕ್ಕಿ ಓದುತ್ತಿದ್ದರು. ನೋಡಲಾರದೆ ಒಂದು ದಿನ ಎ4 ಹಾಳೆಯಲ್ಲಿ ಎಲ್ಲವನ್ನೂ ಬರೆದು ಅಂಗಡಿಯ ಗಾಜಿಗೆ ಅಂಟಿಸಿದೆ. ಮಧ್ಯಾಹ್ನದೊಳಗೆ ಹತ್ತು ಹನ್ನೆರಡು ಜನ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದರು. ಅಲ್ಲಿಂದ ಮುಂದೆ ಬಿಡಲಿಕ್ಕಾಗಲಿಲ್ಲ.

ಮೊದಲು ನಾನು ಅಂದುಕೊಂಡದ್ದು, ಆಮಂತ್ರಣ ಪತ್ರಿಕೆಯಲ್ಲಿ ಇರುವುದನ್ನು ಹಾಗೇ ಎತ್ತಿ ಹಾಕಿದರೆ ಆಯಿತು ಅಂತ. ಅದು ಆಗುವುದಿಲ್ಲ. ಆಮಂತ್ರಣ ಪತ್ರಿಕೆ ಬರೆಯುವುದು ಕರೆಯುವವರ ಅನುಕೂಲಕ್ಕೆ. ಹೋಗುವವರಿಗೆ ಬೇಕಾದದ್ದು ಬೇರೆಯೇ.

ಸಮಯದ ವಿಷಯವನ್ನೇ ನೋಡಿ. "ಸಂಜೆ ಗಂಟೆ 6.30ಕ್ಕೆ ಸರಿಯಾಗಿ" ಎಂದು ಇರುತ್ತದೆ. ಆ "ಸರಿಯಾಗಿ"ಯನ್ನು ಟೈಪ್ ಮಾಡುವವನು ನಾನೇ, ಅದರ ಬೆಲೆ ನನಗೆ ಗೊತ್ತು. ಯುವಕ ಮಂಡಲದ ವಾರ್ಷಿಕೋತ್ಸವ ಎಂದರೆ ಮೊದಲು ಅಂಗನವಾಡಿ ಮಕ್ಕಳ ನೃತ್ಯ, ಆಮೇಲೆ ಸಭೆ, ಸನ್ಮಾನ, ಬಹುಮಾನ ವಿತರಣೆ, ಕೊನೆಗೆ ತುಳು ನಾಟಕ. ನಾಟಕ ನೋಡುವವನು ಆರೂವರೆಗೆ ಹೋಗಿ ಕೂತರೆ ಕುರ್ಚಿಯಲ್ಲೇ ನಿದ್ದೆ. ನಾನೊಂದು ಲೆಕ್ಕ ಇಟ್ಟುಕೊಂಡಿದ್ದೇನೆ. ವೇದಿಕೆಯಲ್ಲಿ ಕೂರುವ ಅತಿಥಿಗಳಿಗೆ ತಲಾ ಏಳು ನಿಮಿಷ. ಸನ್ಮಾನಕ್ಕೆ ತಲಾ ಹತ್ತು, ಯಾಕೆಂದರೆ ಸನ್ಮಾನ ಪತ್ರವನ್ನು ಪೂರ್ತಿ ಓದುತ್ತಾರೆ. ಅದು ಎಷ್ಟು ಉದ್ದ ಎಂದು ಟೈಪ್ ಮಾಡಿದವನಿಗೆ ಗೊತ್ತಿರುವುದಿಲ್ಲವೇ? ಏಳಕ್ಕೆ ಸಭೆ, ವೇದಿಕೆಯಲ್ಲಿ 12 ಜನ, ಸನ್ಮಾನ ಮೂವರಿಗೆ ಎಂದರೆ ನಾಟಕ ಒಂಬತ್ತಕ್ಕೆ ಮೊದಲು ಇಲ್ಲ.

ಆದರೂ ಲೆಕ್ಕ ಹಾಕಿ ಸುಮ್ನೆ ಬರೆಯುವುದಿಲ್ಲ. ಗುರುವಾರ ಸಂಜೆ ಅಂಗಡಿಯ ಅರ್ಧ ಶಟರ್ ಎಳೆದು ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ.

"ಅಣ್ಣಾ, ನಾಟಕ ಎಷ್ಟಕ್ಕೆ?"

"ಪತ್ರಿಕೆಯಲ್ಲಿ ಉಂಟಲ್ಲ, ಎಂಟೂವರೆ."

"ಪತ್ರಿಕೆ ಮಾಡಿದ್ದು ನಾನೇ ಅಣ್ಣ. ನಿಜಕ್ಕೂ ಎಷ್ಟಕ್ಕೆ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಒಂಬತ್ತೂಕಾಲು ಅಂತ ಹಾಕಿ ಮಾರಾಯ್ರೆ. ನಾನು ಹೇಳಿದ್ದು ಅಂತ ಮಾತ್ರ ಬೇಡ."

ಒಂದು ಸಲ ನಾಟಕದ ಸಮಯ ಮಾತ್ರ ಹಾಕಿದ್ದಕ್ಕೆ ಒಂದು ಸಮಿತಿಯವರು ಅಂಗಡಿಗೇ ಬಂದು ಜಗಳ ಆಡಿದರು. "ನಮ್ಮ ಸಭೆಗೆ ಜನವೇ ಇಲ್ಲದ ಹಾಗೆ ಮಾಡಿದಿರಲ್ಲ!" ಅವರ ಸಿಟ್ಟೂ ಸರಿಯೇ. ದುಡ್ಡು ಕೊಟ್ಟ ದಾನಿ ಖಾಲಿ ಕುರ್ಚಿ ನೋಡಿಕೊಂಡು ಭಾಷಣ ಮಾಡಿದರೆ ಮುಂದಿನ ವರ್ಷ ಕೊಡುತ್ತಾರಾ? ಈಗ ಎರಡನ್ನೂ ಹಾಕುತ್ತೇನೆ. ಒಂದು ಸಾಲು ಹೀಗಿರುತ್ತದೆ: "ಶನಿವಾರ. ಯುವಕ ಮಂಡಲದ ವಾರ್ಷಿಕೋತ್ಸವ. ಶಾಲೆಯ ಮೈದಾನ, ಬಸ್‌ಸ್ಟಾಪಿನಿಂದ ಪಡುವಣಕ್ಕೆ, ಅಶ್ವತ್ಥಕಟ್ಟೆ ದಾಟಿ. ಸಭೆ 7, ತುಳು ನಾಟಕ 9.15. ಊಟ ಉಂಟು. ವಾಪಸು ಬರಲು ಬಸ್ಸಿಲ್ಲ."

"ಊಟ ಉಂಟು" ಎಂಬುದಕ್ಕೆ ಕೆಲವರು ನಗುತ್ತಾರೆ. ನಗಲಿ. ಅಡುಗೆಯವರಿಗೆ ಎಷ್ಟು ಜನಕ್ಕೆ ಹೇಳಬೇಕು ಎಂದು ಸಮಿತಿಯವರು ನನ್ನ ಪಟ್ಟಿ ಹೋದ ಮೇಲೆ ಯೋಚಿಸುವುದೂ ಉಂಟು.

ಯಕ್ಷಗಾನದ್ದು ಬೇರೆಯೇ ಲೋಕ. ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ದೀಪಾವಳಿಯ ಆಚೀಚೆ ಶುರುವಾಗಿ ಪತ್ತನಾಜೆಗೆ ಮುಗಿಯುತ್ತದೆ. ಪತ್ತನಾಜೆ ಎಂದರೆ ತುಳು ತಿಂಗಳು ಬೇಶದ ಹತ್ತನೇ ದಿನ, ಮೇ 24ರ ಹೊತ್ತಿಗೆ. ಅಲ್ಲಿಯವರೆಗೆ ದಿನಾ ರಾತ್ರಿ ಎಲ್ಲಾದರೂ ಚೆಂಡೆ ಕೇಳುತ್ತಲೇ ಇರುತ್ತದೆ. ಪಟ್ಟಿಯಲ್ಲಿ "ಮಂದಾರ್ತಿ ಮೇಳದ ಆಟ" ಎಂದು ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ಮಂದಾರ್ತಿಗೆ ಐದು ಮೇಳ, ಒಂದೇ ರಾತ್ರಿ ಐದು ಕಡೆ ಆಟ. ಯಾವ ಮೇಳ, ಯಾರ ಮನೆಯ ಹರಕೆ, ಯಾವ ಗದ್ದೆಯಲ್ಲಿ ರಂಗಸ್ಥಳ ಎನ್ನುವುದೆಲ್ಲ ಬೇಕು. ಕಟೀಲಿನದ್ದೂ ಹಾಗೇ, ಹಲವು ಮೇಳ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳದ್ದಾದರೆ ಟಿಕೆಟ್ ಎಷ್ಟು ಎಂಬುದೂ ಬೇಕು. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಯಾರೂ ಹೋಗಬಹುದು. ಹೊಸದಾಗಿ ಮಣಿಪಾಲಕ್ಕೆ ಬಂದವರಿಗೆ ಇದು ಗೊತ್ತಿರುವುದಿಲ್ಲ. "ಕರೆಯದೇ ಹೇಗೆ ಹೋಗುವುದು?" ಎಂದು ಕೇಳುತ್ತಾರೆ. ಅದಕ್ಕೇ "ಎಲ್ಲರೂ ಹೋಗಬಹುದು" ಎಂದು ಬಿಡಿಸಿ ಬರೆಯಲು ಶುರು ಮಾಡಿದೆ.

ಪ್ರಸಂಗದ, ಅಂದರೆ ಆಡುವ ಕಥೆಯ, ಹೆಸರಿಲ್ಲದೆ ಪಟ್ಟಿ ಬಿಟ್ಟರೆ ಆ ರಾತ್ರಿ ನನಗೆ ನಿದ್ದೆ ಇಲ್ಲ. ಫೋನ್ ಮೇಲೆ ಫೋನ್. ದೇವಿಯ ಪ್ರಸಂಗ ಎಂದು ಹಾಕಿದರೆ "ಮಹಿಷಾಸುರ ಎಷ್ಟು ಗಂಟೆಗೆ?" ಎಂದು ಕೇಳುವವರಿದ್ದಾರೆ. ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದ ಅವನು ಕೂಗಿಕೊಂಡು ಬರುವ ಹೊತ್ತಿಗೆ ಸರಿಯಾಗಿ ಮಕ್ಕಳನ್ನು ಎಬ್ಬಿಸಿ ಕರೆದುಕೊಂಡು ಹೋಗಬೇಕಂತೆ. ಮೊದಲಾದರೆ ಇಡೀ ರಾತ್ರಿಯ ಆಟ, ಮಧ್ಯರಾತ್ರಿ ದಾಟಿಸಿ ಹೋದರೆ ಸಾಕಿತ್ತು. ರಾತ್ರಿ 10ರ ನಂತರ ಮೈಕಿಗೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಅಡ್ಡಿ, ಜನಕ್ಕೂ ಬೆಳಿಗ್ಗೆ ಡ್ಯೂಟಿ. ಹಾಗಾಗಿ ಕಾಲಮಿತಿಯ ಆಟ ಜಾಸ್ತಿಯಾಗಿದೆ. ಸಂಜೆಯೇ ಚೌಕಿಪೂಜೆ, ಅಂದರೆ ಬಣ್ಣದ ಮನೆಯ ಪೂಜೆ, ಮುಗಿಸಿ ಶುರು ಮಾಡುತ್ತಾರೆ. ಆದ್ದರಿಂದ "ಕಾಲಮಿತಿ" ಅಥವಾ "ಬೆಳಗಿನ ತನಕ" ಎನ್ನುವ ಒಂದು ಮಾತು ಪಟ್ಟಿಯಲ್ಲಿ ಇರಲೇಬೇಕು.

ನನ್ನ ದೊಡ್ಡ ತಪ್ಪು ಆದದ್ದು ನೇಮದ, ಅಂದರೆ ದೈವದ ಆರಾಧನೆಯ, ವಿಷಯದಲ್ಲಿ. ಪತ್ರಿಕೆಯಲ್ಲಿ "ಶನಿವಾರ ರಾತ್ರಿ 12.30ರಿಂದ ನೇಮೋತ್ಸವ" ಎಂದಿತ್ತು. ನಾನು ಬುದ್ಧಿವಂತಿಕೆ ಮಾಡಿದೆ. ಹನ್ನೆರಡು ದಾಟಿದರೆ ತಾರೀಕು ಬದಲಾಗುತ್ತದಲ್ಲ ಎಂದು ಭಾನುವಾರದ ಪಟ್ಟಿಯಲ್ಲಿ ಸೇರಿಸಿದೆ. ಗಡಿಯಾರದ ಪ್ರಕಾರ ಸರಿಯೇ. ಆದರೆ ನಮ್ಮ ಜನರಿಗೆ ಸೂರ್ಯ ಹುಟ್ಟುವ ತನಕ ಶನಿವಾರವೇ. ಮಣಿಪಾಲದ ವಯಸ್ಸಾದ ಗಂಡ ಹೆಂಡತಿ ಭಾನುವಾರ ರಾತ್ರಿ ಆಟೋ ಮಾಡಿಕೊಂಡು ಹೋದರು. ಅಲ್ಲಿ ಇಬ್ಬರು ಹುಡುಗರು ಚಪ್ಪರದ ತಗಡು ಇಳಿಸುತ್ತಿದ್ದರಂತೆ. ಒಂದು ಟ್ಯೂಬ್‌ಲೈಟ್ ಮಾತ್ರ ಉರಿಯುತ್ತಿತ್ತಂತೆ. ಆಟೋದ ಬಾಡಿಗೆ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. "ಪರವಾಗಿಲ್ಲ ಮಗ, ಪಂಚಕಜ್ಜಾಯ ಕೊಟ್ಟರು" ಎಂದರು ಆ ಅಮ್ಮ. ಬೈದಿದ್ದರೆ ಇಷ್ಟು ನೆನಪು ಇರುತ್ತಿರಲಿಲ್ಲ. ಈಗ "ಶನಿವಾರ ರಾತ್ರಿ, ಬೆಳಗಾದರೆ ಭಾನುವಾರ" ಎಂದು ಬರೆಯುತ್ತೇನೆ. ಉದ್ದವಾಗುತ್ತದೆ, ಆಗಲಿ.

ನೇಮ, ಕೋಲಗಳನ್ನು ಈ ಪಟ್ಟಿಯಲ್ಲಿ ಹಾಕಬೇಕಾ ಎಂಬ ಪ್ರಶ್ನೆಯೂ ಉಂಟು. ಅದು ಪ್ರದರ್ಶನ ಅಲ್ಲ. ಸಂಗೀತ, ನಾಟಕದ ಸಾಲಿನಲ್ಲಿ ಅದನ್ನು ಇಡಲು ನನಗೆ ಮನಸ್ಸಿಲ್ಲ. ಪಟ್ಟಿಯ ಕೊನೆಗೆ ಬೇರೆಯಾಗಿ ಹಾಕುತ್ತೇನೆ. ಕುಟುಂಬದ ಮನೆಯ ಕೋಲವಾದರೆ, ಪತ್ರಿಕೆ ನಾನೇ ಮಾಡಿದ್ದರೂ, ಅವರನ್ನು ಕೇಳದೆ ಹಾಕುವುದಿಲ್ಲ. ಕ್ಯಾಮೆರಾ ಹಿಡಿದುಕೊಂಡು ಹತ್ತು ಜನ ಅಂಗಳಕ್ಕೆ ಬಂದು ನಿಂತರೆ ಮನೆಯವರಿಗೆ ಹೇಗಾಗಬೇಡ? ಅಂಗಡಿಯಲ್ಲಿ ಕಂಡದ್ದೆಲ್ಲ ಊರಿಗೆ ಹೇಳುವುದಕ್ಕಲ್ಲ. ಅತಿಥಿಗಳು ಒಪ್ಪುವ ಮೊದಲೇ ಪತ್ರಿಕೆ ಟೈಪ್ ಮಾಡಿಸುವ ಸಮಿತಿಗಳಿವೆ. "ಈಗಲೇ ಹಾಕಬೇಡಿ" ಎಂದರೆ ಇಲ್ಲ, ಮುಗಿಯಿತು.

ಜಾಗದ್ದು ದಿನಾ ತಲೆನೋವು. ನಮ್ಮಲ್ಲಿ ಪಡು ಎಂದರೆ ಪಶ್ಚಿಮ, ಮೂಡು ಎಂದರೆ ಪೂರ್ವ. ಪಡುತೋನ್ಸೆ ಬೇರೆ, ಮೂಡುತೋನ್ಸೆ ಬೇರೆ. ಒಂದಕ್ಷರ ತಪ್ಪಿದರೆ ಜನ ಇನ್ನೊಂದು ಊರಲ್ಲಿ. "ದೇವಸ್ಥಾನದ ವಠಾರ" ಎಂದು ಪತ್ರಿಕೆಯಲ್ಲಿ ಹಾಕುತ್ತಾರೆ, ಒಂದೇ ಗ್ರಾಮದಲ್ಲಿ ನಾಲ್ಕು ದೇವಸ್ಥಾನ. ಗೂಗಲ್ ಮ್ಯಾಪ್ ಹಾಕಿ ನೋಡಿದ್ದೆ. ಅದು ಜನರನ್ನು ಗದ್ದೆಯ ಹುಣಿಯ ಮೇಲೆ ನಿಲ್ಲಿಸಿತು. ಬಸ್‌ಸ್ಟಾಪ್, ಕಟ್ಟೆ, ರೇಷನ್ ಅಂಗಡಿ, ಇದೇ ಒಳ್ಳೆಯ ಗುರುತು.

ಇನ್ನೊಂದು, ಕಂಪ್ಯೂಟರಿನ ತಾಪತ್ರಯ. ಪತ್ರಿಕೆಯೆಲ್ಲ ನುಡಿ ಎಂಬ ಕನ್ನಡ ಸಾಫ್ಟ್‌ವೇರಿನ ಹಳೇ ಅಕ್ಷರದಲ್ಲಿ ಇರುತ್ತದೆ. ಅದನ್ನು ಹಾಗೇ ವಾಟ್ಸಾಪಿಗೆ ಅಂಟಿಸಿದರೆ ಒಂದಕ್ಷರ ಕನ್ನಡ ಕಾಣುವುದಿಲ್ಲ. ಯೂನಿಕೋಡಿಗೆ ಬದಲಿಸಬೇಕು, ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಜಾರುತ್ತವೆ. ಕಲಾವಿದರ ಹೆಸರು ಕೆಟ್ಟರೆ ಅವರಿಗೆ ಬೇಜಾರು. ಅದಕ್ಕೆ ಹೆಸರುಗಳನ್ನು ಮಾತ್ರ ಕೈಯಲ್ಲೇ ಹೊಸದಾಗಿ ಟೈಪ್ ಮಾಡುತ್ತೇನೆ.

ಕೃಷ್ಣಮಠದ ರಾಜಾಂಗಣದಲ್ಲಿ ಸಂಜೆ ಏನಾದರೊಂದು ಇದ್ದೇ ಇರುತ್ತದೆ, ಎಂಜಿಎಂ ಕಾಲೇಜಿನ ಮುದ್ದಣ ಮಂಟಪದಲ್ಲೂ ಆಗಾಗ ನಾಟಕ. ಇವುಗಳ ಮಾಹಿತಿ ಸುಲಭವಾಗಿ ಸಿಗುತ್ತದೆ. ಕಷ್ಟದ ವಾರ ಎಂದರೆ ಜನವರಿಯ ಎರಡನೆಯದು. ಮಠದಲ್ಲಿ ಸಪ್ತೋತ್ಸವ, ಮಕರ ಸಂಕ್ರಾಂತಿಯ ರಾತ್ರಿ ಮೂರು ತೇರು, ಒಂದು ಕಡೆ ಕಂಬಳ, ಶಾಲೆಗಳ ವಾರ್ಷಿಕೋತ್ಸವ, ಊರೂರಲ್ಲಿ ಆಟ. ಎರಡು ವರ್ಷಕ್ಕೊಮ್ಮೆ ಅದರ ಹಿಂದೆಯೇ ಜನವರಿ 18ರ ಪರ್ಯಾಯ, ಮಠದ ಪೂಜೆಯ ಹೊಣೆ ಕೈ ಬದಲಾಗುವ ದಿನ. ಆ ವಾರ ಪಟ್ಟಿ ನಾಲ್ಕು ಭಾಗವಾಗಿ ಹೋಗುತ್ತದೆ.

ಅಷ್ಟಮಿಯಲ್ಲಿ ಒಮ್ಮೆ ಸ್ವಲ್ಪದರಲ್ಲಿ ಉಳಿದೆ. ಗೋಡೆಯ ಕ್ಯಾಲೆಂಡರ್ ನೋಡಿ ಹಾಕುವವನಿದ್ದೆ. ಉಡುಪಿ ಮಠದ್ದು ಸೌರಮಾನದ ಲೆಕ್ಕ, ಒಮ್ಮೊಮ್ಮೆ ತಿಂಗಳೇ ಹೆಚ್ಚು ಕಮ್ಮಿ. 2025ರಲ್ಲಿ ಬೇರೆ ಕಡೆಯ ಕೃಷ್ಣಾಷ್ಟಮಿ ಆಗಸ್ಟಿನಲ್ಲೇ ಮುಗಿದಿತ್ತು. ಮಠದ್ದು ಸೆಪ್ಟೆಂಬರ್ 14ಕ್ಕೆ, ಮರುದಿನ ವಿಟ್ಲಪಿಂಡಿ, ಅಂದರೆ ಮೊಸರುಕುಡಿಕೆ. ಹುಲಿವೇಷ ನೋಡಲು ಬೆಂಗಳೂರಿನಿಂದ ಬಸ್ ಬುಕ್ ಮಾಡುವವರು ನನ್ನ ಪಟ್ಟಿ ನಂಬಿ ಕೂತಿರುತ್ತಾರೆ.

ಮಳೆಗಾಲದಲ್ಲಿ ಪಟ್ಟಿ ಸೊರಗುತ್ತದೆ. ನಾಲ್ಕೈದು ಸಾಲು, ಹೆಚ್ಚಾಗಿ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಯಾವುದೋ ಸಭಾಭವನದಲ್ಲಿ ಕೂತು ಮಾತು, ಹಾಡು. ಹೊರಗೆ ಮಾಡಿಗೆ ಧೋ ಎಂದು ಮಳೆ. ನನಗೆ ಇಷ್ಟದ ಕಾಲ ಅದೇ, ಯಾಕೆಂದರೆ ಆಗ ಮಾತ್ರ ನಾನೂ ಹೋಗಿ ಕೂರಬಹುದು. ಮಾಷ್ಟ್ರು ಪಕ್ಕದಲ್ಲಿ ಕೂರುತ್ತಾರೆ. ಮಾತಾಡುವ ಕಲಾವಿದರ, ಅಂದರೆ ಅರ್ಥಧಾರಿಗಳ, ವಾದ ಬಿಸಿಯಾದಾಗ ನನ್ನ ತೊಡೆಗೆ ಒಂದು ಪೆಟ್ಟು.

ಕಳೆದ ಶುಕ್ರವಾರ ಒಂದು ಭಜನಾ ಮಂದಿರದ ಮಂಗಲೋತ್ಸವದ ಸಾಲು ಮಾತ್ರ ಬಾಕಿ ಇತ್ತು. ಕಾರ್ಯದರ್ಶಿಯ ಫೋನು ಎರಡು ದಿನದಿಂದ ಸ್ವಿಚ್ ಆಫ್. ಕೇಳದೆ ಹಾಕುವ ಅಭ್ಯಾಸ ಇಲ್ಲ. ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಹೋದೆ. ಮಂದಿರದ ಎದುರು ಚಪ್ಪರದ ಕಂಬ ಹುಗಿದಾಗಿತ್ತು, ಹುಡುಗರು ಪತಾಕೆ ಕಟ್ಟುತ್ತಿದ್ದರು.

"ಸೆಕ್ರೆಟರಿ ಎಲ್ಲಿ ಮಾರಾಯ? ಫೋನ್ ಎಂತಾಯ್ತು?"

"ಬಾವಿಗೆ ಬಿತ್ತು ಅಣ್ಣ. ನೀರು ಸೇದುವಾಗ ಕಿಸೆಯಿಂದ ಜಾರಿ."

ಸೂರ್ಯೋದಯಕ್ಕೆ ದೀಪ ಹಚ್ಚುವುದು, ಮರುದಿನ ಸೂರ್ಯೋದಯಕ್ಕೆ ಮಂಗಲ, ನಡುವೆ ಹದಿನೆಂಟು ತಂಡ, ಮಧ್ಯಾಹ್ನ ಗಂಜಿ ಊಟ ಎಂದು ಒಬ್ಬ ಹುಡುಗ ಕಂಬದ ಮೇಲಿಂದಲೇ ಕೂಗಿ ಹೇಳಿದ. ಸ್ಕೂಟರಿನ ಸೀಟಿನ ಮೇಲೆ ಮೊಬೈಲ್ ಇಟ್ಟುಕೊಂಡು ಅಲ್ಲೇ ಟೈಪ್ ಮಾಡಿದೆ. ಪಟ್ಟಿ ಹೋದಾಗ ಒಂಬತ್ತು ಇಪ್ಪತ್ತು. ಮೊದಲ ಉತ್ತರ ಮಾಷ್ಟ್ರದ್ದು: "ಆಟ ಒಂದೇ ಉಂಟಾ ಈ ವಾರ?"