ಮರಳಿ ಬಂದ ಬುತ್ತಿಯನ್ನು ತೂಗಿ ನೋಡಿದೆ

“ಬಾಣಂತಿಗೂ ಅಜ್ಜನಿಗೂ ಶಾಲೆಯ ಮಕ್ಕಳಿಗೂ ಒಂದೇ ಒಲೆಯ ಅಡುಗೆಯೇ? ಒಂದು ಮಳೆಗಾಲ ದಾಟಿದರೆ ಹೇಳಿ” ಎಂದು, ನಾನು ಮನೆಮನೆಗೆ ಊಟದ ಬುತ್ತಿ ಕಳುಹಿಸಲು ಶುರುಮಾಡಿದಾಗ, ಉಡುಪಿಯ ಕುಂಜಿಬೆಟ್ಟಿನ ಅಡುಗೆಯವರೊಬ್ಬರು ನಕ್ಕಿದ್ದರು. ಈಗ ಆರನೆಯ ವರ್ಷ. ದಿನಕ್ಕೆ ನಲವತ್ತರ ಆಸುಪಾಸು ಬುತ್ತಿ ಹೋಗುತ್ತದೆ. ಇನ್ನು ಬರೆಯಲು ಅಡ್ಡಿಯಿಲ್ಲ.

ಕುಚ್ಚಲಕ್ಕಿ ಎಷ್ಟು ಕೂಗು ಬೇಯಬೇಕು ಎಂದೆಲ್ಲ ನಿಮಗೆ ಹೇಳಬೇಕಾಗಿಲ್ಲ. ನಾನು ಎಡವಿದ್ದು ಅಳತೆಯಲ್ಲಿ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಎಪ್ಪತ್ತು ದಾಟಿದವರು, ಮಕ್ಕಳು ದುಬೈ, ಬೆಂಗಳೂರು ಎಂದು ಹೋಗಿ ಮನೆಯಲ್ಲಿ ಇಬ್ಬರೇ ಉಳಿದವರು. ಇವರಿಗೆ ಹಸಿವು ಕಡಿಮೆ ಎಂದು ಅನ್ನ, ಸಾರು, ಪಲ್ಯ ಎಲ್ಲವನ್ನೂ ಅರ್ಧ ಮಾಡಿದೆ. ಎರಡು ತಿಂಗಳಲ್ಲಿ ಒಬ್ಬ ಅಜ್ಜಿ ಮೂರು ಕಿಲೋ ಇಳಿದರು. ಮಗ ದುಬೈಯಿಂದ ಫೋನ್ ಮಾಡಿ ಬೈದದ್ದು ಇನ್ನೂ ಕಿವಿಯಲ್ಲಿದೆ. ಪರಿಚಯದ ಆಹಾರ ತಜ್ಞೆ ಬಿಡಿಸಿ ಹೇಳಿದ ಮೇಲೆ ತಲೆಗೆ ಹೋಯಿತು. ವಯಸ್ಸಾದಂತೆ ಇಳಿಯುವುದು ಕ್ಯಾಲೊರಿಯ ಲೆಕ್ಕ, ಪ್ರೋಟೀನಿನದ್ದಲ್ಲ. ವಯಸ್ಕರಿಗೆ ದಿನಕ್ಕೆ ದೇಹತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕಾದರೆ ಇವರಿಗೆ 1 ಗ್ರಾಂ, ಇಲ್ಲವೇ ಸ್ವಲ್ಪ ಹೆಚ್ಚೇ ಬೇಕು (ಕಿಡ್ನಿ ತೊಂದರೆ ಇದ್ದವರ ಮಾತು ಬೇರೆ). ನಾನು ಕಡಿಮೆ ಮಾಡಬೇಕಿದ್ದದ್ದು ಅನ್ನವನ್ನು ಮಾತ್ರ.

ಸರಿ, ಪ್ರೋಟೀನಿಗೆಂದು ಸಾರಿನಲ್ಲಿ ಹುರುಳಿ ಕಾಳು ಹೆಚ್ಚಿಸಿದೆ. ಗಂಜಿಯ ಜೊತೆ ಮಿಕ್ಸಿಗೆ ಹಾಕಿ ಕಳುಹಿಸಿದರೆ, “ನಮಗೇನು ಜ್ವರ ಬಂದಿದೆಯೇ ಮಾರಾಯ್ತಿ?” ಎಂದು ಒಬ್ಬರು ಬುತ್ತಿಯನ್ನು ಹಾಗೆಯೇ ವಾಪಸು ಕೊಟ್ಟರು. ಊಟಕ್ಕೆ 80 ರೂಪಾಯಿ ದರ. ತಿನ್ನದ ಊಟಕ್ಕೆ ಹಣ ಕೇಳಲು ಮುಖವಿರಲಿಲ್ಲ. ಹನ್ನೆರಡೋ ಹದಿಮೂರೋ ಸಾವಿರ ಹೀಗೇ ಹೋಯಿತು.

ಕೊನೆಗೆ ಮರಳಿ ಬಂದ ಡಬ್ಬಿಗಳನ್ನು ತಕ್ಕಡಿಗೆ ಇಟ್ಟೆ. ಎಂಜಲು ತೂಗುವವಳು ಎಂದು ನಮ್ಮ ಯಜಮಾನರು ಗೇಲಿ ಮಾಡಿದರು. ಸಾರಿನ ಡಬ್ಬಿ ಅಲುಗಾಡಿಸಿದರೆ ಖಾಲಿಯಂತೆ ಇರುತ್ತಿತ್ತು, ತೂಕ ಮಾತ್ರ ಹೆಚ್ಚು. ತಿಳಿ ಕುಡಿದು ಹುರುಳಿ ಕಾಳನ್ನೆಲ್ಲ ತಳದಲ್ಲಿ ಬಿಟ್ಟಿದ್ದರು. ಹಲ್ಲಿನ ಸಂಗತಿ ನನಗೆ ಹೊಳೆದೇ ಇರಲಿಲ್ಲ! ಚಟ್ನಿಯ ಡಬ್ಬಿಯಾದರೋ ಬೆರಳಿನಿಂದ ಬಳಿದ ಹಾಗೆ ಬರುತ್ತಿತ್ತು. ಹುರುಳಿಯನ್ನು ಹುರಿದು ಚಟ್ನಿಗೇ ಸೇರಿಸಿದೆ. ಕಾಯಿಗೆ ಎಷ್ಟು ಪಾಲು, ಒಗರು ಹೋಗಲು ಏನು ಹಾಕುತ್ತೇನೆ ಎಂಬುದು ನನ್ನ ಹೊಟ್ಟೆಪಾಡು, ಅದನ್ನು ಬರೆಯುವುದಿಲ್ಲ. ಚಟ್ನಿಯೊಂದರಿಂದಲೇ ಲೆಕ್ಕ ತುಂಬುವುದಿಲ್ಲ. ಮೀನು ತಿನ್ನುವವರಿಗೆ ಮುಳ್ಳು ಬಿಡಿಸಿದ ಬಂಗುಡೆಯ ಪುಳಿಮುಂಚಿ, ಅಂದರೆ ಹುಳಿ-ಖಾರದ ಸಾರು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ 61 ದಿನ ಮೊಟ್ಟೆ. ಒಣಮೀನು ಕೊಡುವುದಿಲ್ಲ, ರಕ್ತದೊತ್ತಡದವರಿಗೆ ಆ ಉಪ್ಪು ಆಗದು.

ಅದೇ ಹುರುಳಿ ಬಾಣಂತಿಯ ಬುತ್ತಿಯಲ್ಲಿ ಗಟ್ಟಿ ಸಾರು, ಅನ್ನವೂ ಧಾರಾಳ. ಹಾಲೂಡಿಸುವ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ಹೈಸ್ಕೂಲಿನ ಹುಡುಗಿಯರಿಗೆ ಕಬ್ಬಿಣಾಂಶಕ್ಕೆಂದು ನುಗ್ಗೆಸೊಪ್ಪಿನ ಪಲ್ಯ, ಜೊತೆಗೆ ಲಿಂಬೆ ಹೋಳು ಇಡುತ್ತೇನೆ. ಲಿಂಬೆ ಖಾಲಿಯಾಗುತ್ತದೆ, ಸೊಪ್ಪು ಹಾಗೆಯೇ ಬರುತ್ತದೆ. ಅದಿನ್ನೂ ಬಗೆಹರಿದಿಲ್ಲ.

ನಡುವೆ, ಆರು ತಿಂಗಳು ತುಂಬಿದ ಮಕ್ಕಳಿಗೆ ಕೊಡುವ ‘ಮಣ್ಣಿ’ ಎಂಬ ಮೆತ್ತನೆಯ ರಾಗಿ ತಿನಿಸಿಗೆಂದು ರಾಗಿ ಮೊಳಕೆ ಬರಿಸಲು ಹೋಗಿ ಜುಲೈ ಮಳೆಯಲ್ಲಿ ಹತ್ತು ಕಿಲೋ ಬೂಷ್ಟು ಹಿಡಿಸಿದೆ. ಈಗ ಮಾರ್ಚಿನ ಬಿಸಿಲಿನಲ್ಲೇ ವರ್ಷದ್ದನ್ನು ಒಣಗಿಸಿಡುತ್ತೇನೆ.

ಆ ಅಜ್ಜಿ ಎರಡು ಕಿಲೋ ಮರಳಿ ಏರಿದ್ದಾರೆ. ಕುಂಜಿಬೆಟ್ಟಿನವರು ಮೊನ್ನೆ ಚಟ್ನಿಯ ಅಳತೆ ಕೇಳಿಕೊಂಡು ಬಂದಿದ್ದರು. ಚಹಾ ಕೊಟ್ಟು ಕಳುಹಿಸಿದೆ.